ಸುಶ್ರುತನ ಶಾರೀರಸ್ಥಾನವೂ ಅಂಗರಚನಾಶಾಸ್ತ್ರಜ್ಞನ ವೃತ್ತಿಯೂ

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಐದನೆಯ ಅಧ್ಯಾಯಕ್ಕೆ ಶರೀರಸಂಖ್ಯಾವ್ಯಾಕರಣವೆಂದು ಹೆಸರು. ವ್ಯಾಕರಣಶಬ್ದವು ಇಲ್ಲಿ ಪಾಣಿನೀಯರ ಶಾಸ್ತ್ರವನ್ನು ಹೇಳುವುದಿಲ್ಲ. ಬಿಡಿಸಿ ಬೇರ್ಪಡಿಸಿ ತೋರಿಸುವುದೆಂಬ ಯೌಗಿಕಾರ್ಥವನ್ನೇ ಹೇಳುತ್ತದೆ. ಪದವನ್ನು ಪ್ರಕೃತಿಪ್ರತ್ಯಯಗಳಾಗಿ ಬಿಡಿಸುವವನು ವೈಯಾಕರಣನಾದರೆ, ದೇಹವನ್ನು ತ್ವಕ್ಕು, ಪೇಶಿ, ಸ್ನಾಯು, ಅಸ್ಥಿಗಳಾಗಿ ಬಿಡಿಸುವವನು ಶಾರೀರಜ್ಞನು. ಈ ಅಧ್ಯಾಯದ ವಿಷಯದಲ್ಲಿ ಎರಡು ಪಕ್ಷಗಳು ರೂಢವಾಗಿವೆ. ಪ್ರಾಚೀನರು ಹೇಳಿದುದೆಲ್ಲವೂ ಇಂದಿನ ಅಂಗರಚನಾಶಾಸ್ತ್ರಕ್ಕೆ ಸಮನಾದುದೆಂಬುದು ಒಂದು. ಅದೆಲ್ಲವೂ ಕಣ್ಣಿಗೆ ಕಾಣದುದನ್ನು ಊಹಿಸಿ ಬರೆದುದೆಂಬುದು ಮತ್ತೊಂದು. ಗ್ರಂಥವನ್ನು ಸಾವಧಾನವಾಗಿ ಓದಿದರೆ ಎರಡೂ ನಿಲ್ಲುವುದಿಲ್ಲ.

ಮೊದಲು ಎರಡನೆಯ ಪಕ್ಷವನ್ನು ಪರೀಕ್ಷಿಸಬಹುದು. ಶವಪರೀಕ್ಷೆಯ ವಿಧಾನವನ್ನು ಸುಶ್ರುತನು ಕ್ರಮವಾಗಿ ಹೇಳಿರುವನು. ಅಂಗವೈಕಲ್ಯವಿಲ್ಲದ, ವಿಷದಿಂದಾಗಲಿ ದೀರ್ಘವ್ಯಾಧಿಯಿಂದಾಗಲಿ ಸಾಯದ, ನೂರು ವರ್ಷದ ಮುದಿತನವನ್ನು ಮುಟ್ಟದ ಮನುಷ್ಯನ ಶವವನ್ನು ಆರಿಸಿಕೊಳ್ಳಬೇಕು. ಕರುಳಿನ ಮಲವನ್ನು ತೆಗೆದು, ಮುಂಜ, ನಾರು, ದರ್ಭೆ, ಸೆಣಬು ಮುಂತಾದುವುಗಳಲ್ಲೊಂದರಿಂದ ಸುತ್ತಿ, ಪಂಜರದಲ್ಲಿಟ್ಟು, ಜನರ ಕಣ್ಣಿಗೆ ಬೀಳದ ಎಡೆಯಲ್ಲಿ ನೀರಿನೊಳಗೆ ಕೊಳೆಯಿಸಬೇಕು. ಏಳು ರಾತ್ರಿಗಳ ಮೇಲೆ ಹೊರತೆಗೆದು, ಲಾವಂಚ, ಕೂದಲು, ಬಿದಿರು ಮುಂತಾದುವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮ ಮೊದಲುಗೊಂಡು ಒಳಗಿನ ಅಂಗಪ್ರತ್ಯಂಗಗಳನ್ನೆಲ್ಲ ಕಣ್ಣಿನಿಂದ ನೋಡಬೇಕು. ಇಷ್ಟು ವಿವರವು ಕಲ್ಪನೆಯಿಂದ ಬರುವಂಥದಲ್ಲ. ಶಾಸ್ತ್ರದಲ್ಲಿ ಕಂಡುದೂ ಕಣ್ಣಿನಿಂದ ಕಂಡುದೂ ಕೂಡಿದಾಗಲೇ ಜ್ಞಾನವು ಬೆಳೆಯುವುದೆಂಬ ತಾತ್ಪರ್ಯವನ್ನೂ ಆಚಾರ್ಯನು ಅಲ್ಲಿಯೇ ಹೇಳಿ ಮುಗಿಸುವನು. ಶಬ್ದಪ್ರಮಾಣವನ್ನು ಪ್ರತ್ಯಕ್ಷದ ನೆರವಿಲ್ಲದೆ ಸಾಲದೆಂದು ಶಾಸ್ತ್ರವೇ ಒಪ್ಪಿದ ಸ್ಥಳವಿದು.

ಆದರೆ ಇದೇ ವಿಧಾನದಲ್ಲಿ ಜ್ಞಾನದ ಎಲ್ಲೆಯೂ ಅಡಗಿದೆ. ಇಲ್ಲಿ ಕತ್ತಿಯಿಲ್ಲ, ಕುಂಚವಿದೆ. ಕೊಳೆತ ದೇಹದಲ್ಲಿ ಎಲುಬು ಉಳಿಯುತ್ತದೆ. ತೆಳುವಾದ ನಾಳಗಳೂ ನರಗಳೂ ಕರಗಿ ಒಂದರಲ್ಲೊಂದು ಬೆರೆತುಹೋಗುತ್ತವೆ. ಆದುದರಿಂದ ಅಸ್ಥಿಪ್ರಕರಣವು ಪ್ರತ್ಯಕ್ಷಕ್ಕೆ ಹತ್ತಿರವಾಗಿಯೂ ಸಿರಾಧಮನೀಪ್ರಕರಣಗಳು ಸಿದ್ಧಾಂತಕ್ಕೆ ಹತ್ತಿರವಾಗಿಯೂ ಇರುವುದು ಸಹಜವೇ ಸರಿ.

ಇನ್ನು ಮೊದಲನೆಯ ಪಕ್ಷ. ವೇದವಾದಿಗಳ ಮತದಲ್ಲಿ ಅಸ್ಥಿಗಳು ೩೬೦, ಶಲ್ಯತಂತ್ರದಲ್ಲಿ ೩೦೦ ಎಂದು ಸುಶ್ರುತನು ಭೇದವನ್ನು ತೋರಿಸುವನು. ಚರಕನೂ ವಾಗ್ಭಟನೂ ೩೬೦ನ್ನೇ ಹಿಡಿದವರು. ಈ ಸಂಖ್ಯೆಯು ಶತಪಥಬ್ರಾಹ್ಮಣದಲ್ಲಿ ಸಂವತ್ಸರದ ರಾತ್ರಿಗಳೊಡನೆ ಹೊಂದಿಸಲ್ಪಟ್ಟಿದೆ. ಎಲುಬುಗಳನ್ನು ಎಣಿಸುವುದಕ್ಕೆ ಮೊದಲೇ ಸಂಖ್ಯೆಯು ಸಿದ್ಧವಾಗಿತ್ತೆಂದು ಸಂದೇಹಪಡಲು ಇದು ಸಾಕು. ಅದನ್ನು ಬಿಟ್ಟು ೩೦೦ ಎಂದು ನುಡಿದ ಶಲ್ಯತಂತ್ರಕಾರನ ಧೈರ್ಯವು ಮೆಚ್ಚತಕ್ಕುದು. ಇಂದಿನ ಎಣಿಕೆಯಲ್ಲಿ ಪ್ರಾಪ್ತವಯಸ್ಕನ ಎಲುಬುಗಳು ೨೦೬. ಸುಶ್ರುತನು ಹಲ್ಲುಗಳನ್ನು ರುಚಕವೆಂದೂ ಮೃದ್ವಸ್ಥಿಗಳನ್ನು ತರುಣವೆಂದೂ ಅಸ್ಥಿಗಳಲ್ಲೇ ಸೇರಿಸಿರುವುದರಿಂದ ಅಂತರವು ಸ್ವಲ್ಪಮಟ್ಟಿಗೆ ವಿಶದವಾಗುತ್ತದೆ. ಪಕ್ಕೆಯೊಂದಕ್ಕೆ ೩೬ ಎಂಬ ಎಣಿಕೆಯೂ, ಚರಕನು ಪಕ್ಕೆಲುಬು ೨೪, ಅವು ಕೂಡುವ ಸ್ಥಾಲಕ ೨೪, ಸ್ಥಾಲಕಾರ್ಬುದ ೨೪ ಎಂದು ಬೇರೆಬೇರೆಯಾಗಿ ಎಣಿಸಿರುವುದನ್ನು ನೋಡಿದರೆ, ಹನ್ನೆರಡರ ಮೂರು ಮಡಿಯೆಂದು ತಿಳಿಯುತ್ತದೆ.

ಅತ್ಯಂತ ವಿಚಾರಾರ್ಹವಾದುದು ಕೈಕಾಲುಗಳ ಎಣಿಕೆ. ನಾಲ್ಕು ಶಾಖೆಗಳಲ್ಲಿ ೧೨೦ ಎಂದು ಸುಶ್ರುತನ ಮತ. ಇಂದಿನ ಶಾಸ್ತ್ರದಲ್ಲಿಯೂ ಹೆಗಲು ಸೊಂಟಗಳ ಎಲುಬನ್ನು ಬಿಟ್ಟರೆ ಶಾಖೆಯೊಂದಕ್ಕೆ ೩೦ರಂತೆ ೧೨೦ ಆಗುತ್ತದೆ. ಮೊದಲನೆಯ ಪಕ್ಷದವರಿಗೆ ಇದಕ್ಕಿಂತ ಸಂತೋಷಕರವಾದ ಸಂವಾದವು ಬೇರೊಂದಿಲ್ಲ. ಆದರೆ ಮೊತ್ತವನ್ನು ಬಿಡಿಸಿ ನೋಡಿದರೆ ಸಂತೋಷವು ಕುಂದುತ್ತದೆ. ಸುಶ್ರುತನಲ್ಲಿ ಕಾಲಿನ ಐದು ಬೆರಳುಗಳಿಗೆ ಮೂರು ಮೂರರಂತೆ ೧೫, ಅಂಗಾಲು, ಕೂರ್ಚ, ಗುಲ್ಫಗಳಲ್ಲಿ ೧೦, ಹಿಮ್ಮಡಿಯಲ್ಲಿ ೧, ಜಂಘೆಯಲ್ಲಿ ೨, ಮೊಣಕಾಲಲ್ಲಿ ೧, ತೊಡೆಯಲ್ಲಿ ೧. ಹೆಬ್ಬೆರಳಿಗಾದರೋ ಇರುವುದು ಎರಡೇ ಎಲುಬು. ಆದುದರಿಂದ ಬೆರಳುಗಳಲ್ಲಿ ೧೪, ಅಂಗಾಲು ಮೊದಲಾದ ಎಡೆಯಲ್ಲಿ ೧೧ ಆಗಬೇಕು. ಒಂದೆಡೆ ಹೆಚ್ಚಿದುದೂ ಇನ್ನೊಂದೆಡೆ ಕಡಮೆಯಾದುದೂ ಸೇರಿ ಮೊತ್ತವು ಸರಿಹೋಯಿತು. ಇನ್ನೊಂದು ಕಾಲಿಗೂ ಎರಡು ಕೈಗಳಿಗೂ ಇದರಿಂದಲೇ ವ್ಯಾಖ್ಯಾನವಾಯಿತೆಂದು ಆಚಾರ್ಯನು ಅತಿದೇಶವನ್ನು ಮಾಡುವನು. ಅತಿದೇಶವು ಮೀಮಾಂಸೆಯಲ್ಲಿ ಪ್ರಕೃತಿಯಾಗದ ಧರ್ಮಗಳನ್ನು ವಿಕೃತಿಯಾಗಕ್ಕೆ ಒಯ್ಯಬಲ್ಲುದು. ಮೊಣಕಾಲಿನ ಚಿಪ್ಪನ್ನು ಮೊಣಕೈಗೆ ಒಯ್ಯಲಾರದು. ಮೊಣಕೈಯಲ್ಲಿ ಅಂಥ ಬಿಡಿ ಎಲುಬೇ ಇಲ್ಲ. ಕಾಲನ್ನು ನೋಡಿದ ಕಣ್ಣು ಕೈಯನ್ನು ನೋಡುವುದಕ್ಕೆ ಮೊದಲೇ ಸೂತ್ರವು ಮುಗಿದುಹೋಯಿತು. ಸಂಖ್ಯೆಯ ಸಂವಾದವು ದರ್ಶನದ ಸಂವಾದವಲ್ಲವೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನವು ಬೇಕಿಲ್ಲ.

೧೯೦೭ರಲ್ಲಿ ಪ್ರಾಚೀನ ಭಾರತದ ಅಸ್ಥಿಶಾಸ್ತ್ರವನ್ನೇ ಕುರಿತು ಗ್ರಂಥವನ್ನು ಬರೆದ ಹೋರ್ನ್ಲೆಯವರು ಈ ವೈಷಮ್ಯಗಳಿಗೆ ಪಾಠಭ್ರಂಶವೇ ಕಾರಣವೆಂದು ಬಗೆದು ಪಾಠವನ್ನು ತಿದ್ದಲು ಶ್ರಮಿಸಿದರು. ಅವರ ಪರಿಶ್ರಮವು ಸ್ತುತ್ಯವಾದುದು. ಆದರೆ ದೇಹಕ್ಕೆ ಒಪ್ಪುವಂತೆ ಪಾಠವನ್ನು ತಿದ್ದುತ್ತ ಹೋದರೆ ಗ್ರಂಥಕಾರನು ಎಲ್ಲಿ ನೋಡಿದನು, ಎಲ್ಲಿ ನೋಡಲಿಲ್ಲವೆಂಬ ಗುರುತೇ ಅಳಿಸಿಹೋಗುವುದು.

ನೋಡಬೇಕೆಂಬ ವಿಧಿಯಿದ್ದೂ ನೋಡುವ ವೃತ್ತಿಯು ಏಕೆ ನಿಂತಿತು? ಅಶೌಚಭಯವೇ ಕಾರಣವೆಂದು ಹೇಳುವುದುಂಟು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಾದರೋ ಮನುಷ್ಯನ ಹಸಿ ಎಲುಬನ್ನು ಮುಟ್ಟಿದವನಿಗೆ ಸ್ನಾನದಿಂದ ಶುದ್ಧಿಯೆಂದಿದೆ. ಒಂದು ಸ್ನಾನದಿಂದ ಕಳೆಯುವ ದೋಷವು ಒಂದು ಶಾಸ್ತ್ರವನ್ನು ಕೊಲ್ಲಲಾರದು. ಗ್ರಂಥವು ಕಂಠಸ್ಥವಾದ ಮೇಲೆ ಶವದ ಅವಶ್ಯಕತೆಯು ಯಾರಿಗೂ ತೋರದೆ ಹೋದುದೇ ಬಲವತ್ತರವಾದ ಕಾರಣವೆಂದು ತೋರುತ್ತದೆ. ಒಮ್ಮೆ ನೋಡಿದವನು ಸಾಕ್ಷಿ. ಮತ್ತೆ ಮತ್ತೆ ನೋಡಿ, ಶಿಷ್ಯನಿಗೂ ನೋಡಲು ಕಲಿಸುವವನು ಮಾತ್ರವೇ ಶಾರೀರಜ್ಞನು. ಆ ಪರಂಪರೆಗೆ ಆಶ್ರಯವಾದ ಶಾಲೆಯಿಲ್ಲದಿದ್ದರೆ ವಿಧಿವಾಕ್ಯವು ಪಾರಾಯಣಕ್ಕೆ ಮಾತ್ರ ಉಳಿಯುವುದು.

ಈ ದೃಷ್ಟಿಯಿಂದ ಪಂಡಿತ ಮಧುಸೂದನಗುಪ್ತನ ಚರಿತವು ಮನನೀಯವಾದುದು. ಕಲ್ಕತ್ತೆಯ ಸಂಸ್ಕೃತಕಾಲೇಜಿನ ವೈದ್ಯವರ್ಗದಲ್ಲಿ ಬೋಧಕನಾಗಿದ್ದ ಆತನು ೧೮೩೫ರಲ್ಲಿ ಸ್ಥಾಪಿತವಾದ ಮೆಡಿಕಲ್ ಕಾಲೇಜಿಗೆ ಬಂದು, ೧೮೩೬ರಲ್ಲಿ ಅಲ್ಲಿ ಮನುಷ್ಯಶವವನ್ನು ಕತ್ತರಿಸಿ ನೋಡಿದನು. ಈ ಕೃತ್ಯವನ್ನು ಶಾಸ್ತ್ರತ್ಯಾಗವೆಂದು ಕೆಲವರೂ ಮೌಢ್ಯತ್ಯಾಗವೆಂದು ಕೆಲವರೂ ವರ್ಣಿಸುವರು. ಸುಶ್ರುತಸಂಹಿತೆಯನ್ನು ೧೮೩೫–೩೬ರಲ್ಲಿ ಕಲ್ಕತ್ತೆಯಲ್ಲಿ ಅಚ್ಚುಹಾಕಿಸಿದ ಸಂಪಾದಕನೂ ಆತನೇ ಎಂಬುದನ್ನು ಇಬ್ಬರೂ ಮರೆಯುವರು. ಶವಪರೀಕ್ಷೆಯ ವಿಧಿವಾಕ್ಯದ ಕರಡನ್ನು ತಿದ್ದಿದ ಕೈಯೇ ಶಸ್ತ್ರವನ್ನು ಹಿಡಿಯಿತು. ಹೂಪರನ ಅಂಗರಚನಾಗ್ರಂಥವನ್ನು ಸಂಸ್ಕೃತಕ್ಕೆ ತಂದವನೂ ಆತನೇ. ಬೋಧಕನಾಗಿದ್ದೂ ೧೮೪೦ರಲ್ಲಿ ಅದೇ ಕಾಲೇಜಿನ ಪರೀಕ್ಷೆಗೆ ಕುಳಿತು ತೇರ್ಗಡೆಹೊಂದಿದನು. ೧೮೫೬ರಲ್ಲಿ ತೀರಿಕೊಂಡ ಈತನು ಸುಶ್ರುತನ ವಾಕ್ಯವನ್ನು ಬಿಟ್ಟವನಲ್ಲ, ಅನುಷ್ಠಿಸಿದವನು.

ಮುಂದೆ ಮಹಾಮಹೋಪಾಧ್ಯಾಯ ಗಣನಾಥಸೇನರು (೧೮೭೭–೧೯೪೪) ೧೯೧೩ರಲ್ಲಿ ಪ್ರಕಟಿಸತೊಡಗಿದ ಪ್ರತ್ಯಕ್ಷಶಾರೀರವು ಹೆಸರಿನಿಂದಲೇ ಪ್ರಮಾಣವನ್ನು ಘೋಷಿಸುತ್ತದೆ. ಆಧುನಿಕ ಅಂಗರಚನೆಯನ್ನು ಪ್ರಸನ್ನವಾದ ಸಂಸ್ಕೃತಗದ್ಯದಲ್ಲಿ ನಿರೂಪಿಸಿದ ಕೀರ್ತಿ ಅವರದು. ಆದರೆ ಪರಿಭಾಷೆಯಲ್ಲಿ ಒಂದು ದೋಷವನ್ನು ಹೇಳದೆ ಬಿಡುವಂತಿಲ್ಲ. ಹೃದಯದಿಂದ ರಕ್ತವನ್ನು ಒಯ್ಯುವ ನಾಳಕ್ಕೆ ಧಮನಿಯೆಂದೂ ಹೃದಯಕ್ಕೆ ತರುವ ನಾಳಕ್ಕೆ ಸಿರೆಯೆಂದೂ ಅವರು ನಿಯಮಿಸಿದರು. ಸುಶ್ರುತನಲ್ಲಿ ಸಿರೆಗಳೂ ಧಮನಿಗಳೂ ನಾಭಿಮೂಲವಾದುವು. ೭೦೦ ಸಿರೆಗಳಲ್ಲಿ ವಾತ, ಪಿತ್ತ, ಕಫ, ರಕ್ತಗಳನ್ನು ವಹಿಸುವುವು ತಲಾ ೧೭೫. ಹೀಗೆ ನಾಲ್ಕರಲ್ಲಿ ಒಂದು ಪಾಲಿಗೆ ಮಾತ್ರ ರಕ್ತದ ಸಂಬಂಧವುಳ್ಳ ಶಬ್ದವನ್ನು ಹೊಸ ಅರ್ಥದಲ್ಲಿ ಬಂಧಿಸಿದರೆ, ಹೊಸದನ್ನು ಕಲಿತ ವಿದ್ಯಾರ್ಥಿಯು ಹಳೆಯ ಗ್ರಂಥವನ್ನು ತಪ್ಪಾಗಿ ಓದುವನು.

ಕನ್ನಡದಲ್ಲಿ ಈ ಸಂಕಟವು ಕಡಮೆ. ಕೀರ್ತಿವರ್ಮನ ಗೋವೈದ್ಯವಾಗಲಿ ಮಂಗರಾಜನ ಖಗೇಂದ್ರಮಣಿದರ್ಪಣವಾಗಲಿ ಪಶುಚಿಕಿತ್ಸೆ, ವಿಷಚಿಕಿತ್ಸೆಗಳನ್ನು ವಿಷಯವಾಗಿ ಉಳ್ಳವು. ಶಾರೀರಕ್ಕೆ ಹೊಸ ಪದಗಳು ಬೇಕಾದುವು. ಧಮನಿಶಬ್ದಕ್ಕೆ ಉಪಸರ್ಗವನ್ನು ಕೂಡಿಸಿ, ಹೃದಯದಿಂದ ದೂರ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ ಎಂದು ಪಠ್ಯಗ್ರಂಥಕಾರರು ಬಳಸಿರುವರು. ಉಪಸರ್ಗಗಳೇ ಕಾರ್ಯವನ್ನು ಹೇಳುತ್ತವೆ; ಸುಶ್ರುತನ ಧಮನಿಗೆ ಭಂಗವಿಲ್ಲ. ನರವೆಂಬ ಪದವೊಂದು ಮಾತ್ರ ಆಡುಮಾತಿನಲ್ಲಿ ರಕ್ತನಾಳಕ್ಕೂ ಸ್ನಾಯುವಿಗೂ ಸಲ್ಲುವುದರಿಂದ ಬೋಧಕರು ಎಚ್ಚರವಹಿಸಬೇಕಾದುದಾಗಿದೆ.

ಶಾರೀರಸ್ಥಾನವನ್ನು ಪಾಠಹೇಳುವವರು ಅದರ ಸಂಖ್ಯೆಗಳನ್ನು ಇಂದಿನ ಸಂಖ್ಯೆಗಳಿಗೆ ಒಗ್ಗಿಸುವುದೂ ಬೇಡ, ನಗುವುದೂ ಬೇಡ. ಎಲುಬಿನ ಗೂಡನ್ನು ಪಕ್ಕದಲ್ಲಿಟ್ಟುಕೊಂಡು ಆಚಾರ್ಯನ ಕಣ್ಣು ಎಷ್ಟು ದೂರ ಹೋಯಿತು, ಅತಿದೇಶವು ಎಲ್ಲಿ ಆರಂಭವಾಯಿತೆಂದು ವಾಕ್ಯವಾಕ್ಯವಾಗಿ ತೋರಿಸುವುದೇ ಆ ಗ್ರಂಥಕ್ಕೆ ಸಲ್ಲತಕ್ಕ ಗೌರವ; ಏಕೆಂದರೆ ನೋಡಿ ತಿಳಿಯೆಂದು ಹೇಳಿದವನನ್ನು ನೋಡದೆ ನಂಬುವುದು ಆತನ ಆಜ್ಞೆಯನ್ನೇ ಮೀರಿದಂತೆ.