ಬುಡ್ಡಿ ದೀಪದ ವಾಸನೆ

ನನ್ನ ಬರಹವೊಂದನ್ನು ಓದಿದ ಆಫೀಸಿನ ಗೆಳೆಯ 'ಒಳ್ಳೇ ಲೂಕ್ಯುಬ್ರೇಶನ್ ಕಣೋ' ಅಂತ ಮೆಸೇಜ್ ಹಾಕಿದ. ಹೊಗಳಿದ್ದಾನೆ ಅಂದುಕೊಂಡು ಥ್ಯಾಂಕ್ಸ್ ಹೇಳಿದೆ. ಡಿಕ್ಷನರಿ ತೆರೆದದ್ದು ಆಮೇಲೆ.

ಲ್ಯಾಟಿನ್ನಿನಲ್ಲಿ 'ಲೂಕುಬ್ರಾರೆ' ಅಂದರೆ ರಾತ್ರಿ ದೀಪದ ಬೆಳಕಲ್ಲಿ ಕೂತು ಕೆಲಸ ಮಾಡುವುದು. ಇಂಗ್ಲಿಷಿಗೆ ಬಂದಾಗ ನಿದ್ದೆಗೆಟ್ಟು ಮಾಡಿದ ಓದು, ಹಾಗೆ ಓದಿ ಬರೆದ ಬರಹ ಎಂಬ ಅರ್ಥ ಬಂತು. ಬೇರಿನಲ್ಲಿರುವುದು ಬೆಳಕು. ಸಂಸ್ಕೃತದ 'ರುಚ್' ಧಾತು ಇದರ ದಾಯಾದಿ. ನಾವು ನಾಲಿಗೆಗೆ ಬಿಟ್ಟುಕೊಟ್ಟಿರುವ 'ರುಚಿ'ಗೆ ಕಾವ್ಯದಲ್ಲಿ ಕಾಂತಿ ಎಂಬ ಅರ್ಥವೂ ಉಂಟು. ಇಷ್ಟು ಒಳ್ಳೇ ಮನೆತನದ ಪದ ಇವತ್ತು ಬಳಕೆಯಾಗೋದು ಹೆಚ್ಚಾಗಿ ಕುಹಕಕ್ಕೆ: ಪಾಂಡಿತ್ಯ ತೋರಿಸಲು ತಿಣುಕಿ ಬರೆದದ್ದು ಅಂತ.

ಕುಹಕವೇನೂ ಹೊಸದಲ್ಲ. ಡೆಮಾಸ್ತನೀಸನ ವಾದಗಳು ದೀಪದ ಬತ್ತಿಯ ವಾಸನೆ ಹೊಡೆಯುತ್ತವೆ ಎಂದು ಪಿಥಿಯಸ್ ಹಂಗಿಸಿದ್ದನ್ನು ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ. 1709ರಲ್ಲಿ ಲಂಡನ್ನಿನಲ್ಲಿ 'ಟ್ಯಾಟ್ಲರ್' ಶುರುಮಾಡಿದ ರಿಚರ್ಡ್ ಸ್ಟೀಲ್ ಮಾತ್ರ ಜಾಣ. ವಾರಕ್ಕೆ ಮೂರು ಸಲ ಬರುತ್ತಿದ್ದ ಆ ಕಾಫಿ ಹೌಸ್ ಹರಟೆಗಳು ಪುಸ್ತಕವಾದಾಗ ಅದರ ಹೆಸರು 'ಐಸಾಕ್ ಬಿಕರ್‌ಸ್ಟಾಫನ ಲೂಕ್ಯುಬ್ರೇಶನ್ಸ್'. (ಬಿಕರ್‌ಸ್ಟಾಫ್ ಅನ್ನೋ ಹೆಸರೂ ಜೊನಾಥನ್ ಸ್ವಿಫ್ಟ್‌ನಿಂದ ಕಡ ತಂದದ್ದು!) ಪಂಡಿತರ ಪೇಟವನ್ನು ಹರಟೆಯ ತಲೆಗೆ ಸುತ್ತಿ ತಾನೇ ನಕ್ಕುಬಿಟ್ಟ.

ನಮ್ಮಲ್ಲೂ ತಿಣುಕಾಟಕ್ಕೆ ಮರ್ಯಾದೆ ಕಮ್ಮಿ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಎಂದ ಕುಮಾರವ್ಯಾಸ, ತಾನು ಇಟ್ಟ ಪದವನ್ನು ಅಳಿಸುವವನಲ್ಲ ಎಂದೂ ಹೆಮ್ಮೆಪಟ್ಟ. ಗದುಗಿನ ಕವಿಗೆ ಆ ಮಾತು ಒಪ್ಪುತ್ತೆ. ಅದನ್ನೇ ಎಲ್ಲರಿಗೂ ಅಳತೆಗೋಲು ಮಾಡಿ, 'ಸಹಜವಾಗಿ ಹರಿದು ಬಂದಿದೆ' ಅನ್ನೋದೇ ದೊಡ್ಡ ಮೆಚ್ಚುಗೆ ಅಂದುಕೊಳ್ಳುವ ವಿಮರ್ಶೆಯ ಬಗ್ಗೆ ನನ್ನ ತಕರಾರು. ಸಹಜ ಅನ್ನಿಸೋ ಪ್ಯಾರಾ ಎಷ್ಟು ಸಲ ಡಿಲೀಟ್ ಆಗಿ ಹುಟ್ಟಿದೆಯೋ ಯಾರು ಕಂಡರು? ಆಫೀಸಿನಲ್ಲೂ ಅಷ್ಟೇ, ನಾಲ್ಕು ಸಾಲಿನ ಚೊಕ್ಕ ಕೋಡ್ ಹಿಂದೆ ಎರಡು ದಿನದ ಒದ್ದಾಟ ಇರುತ್ತೆ, ಆದರೆ ರಿವ್ಯೂನಲ್ಲಿ ಕಾಣೋದು ನಾಲ್ಕೇ ಸಾಲು.

ಊರಲ್ಲಿ ಕರೆಂಟ್ ಹೋದಾಗ ಬುಡ್ಡಿ ದೀಪದ ಮುಂದೆ ಓದಿದವನು ನಾನು. ಬೆಳಿಗ್ಗೆ ಮೂಗು ಒರೆಸಿದರೆ ಕೈಗೆ ಮಸಿ. ಬರಹಕ್ಕೆ ಸೀಮೆಎಣ್ಣೆ ವಾಸನೆ ಅಂಟಿದ್ದರೆ ನಾಚಿಕೆಯೇನಿಲ್ಲ. ಆದರೂ ಗೆಳೆಯ ಹಂಗಿಸಿದ್ದನ್ನು ಮತ್ತೆ ತೆಗೆದು ಓದಿದೆ. ಮೂರನೇ ಪ್ಯಾರಾದಲ್ಲಿ ನನಗೇ ಸರಿಯಾಗಿ ಅರ್ಥವಾಗದ ಎರಡು ದೊಡ್ಡ ಪದಗಳು ಕೂತಿದ್ದವು. ತೆಗೆದೆ. ವಾಕ್ಯ ಕುಂಟಿತು, ಮತ್ತೆ ಕಟ್ಟಿದೆ. ಅಷ್ಟೊತ್ತಿಗೆ ರಾತ್ರಿ ಒಂದೂವರೆ.