ವರದಿಗೆ ಸಿಕ್ಕ ಅಂಕ

ಯುಎನ್ ವಿಮೆನ್ ತನ್ನ ಕಾರ್ಯಕ್ರಮಗಳ ಮೌಲ್ಯಮಾಪನ ವರದಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದಿಲ್ಲ. ವಿಶ್ವಸಂಸ್ಥೆಯ ಈ ಮಹಿಳಾ ಸಂಸ್ಥೆಯ ‘ಗೇಟ್’ ಎಂಬ ಜಾಲತಾಣದಲ್ಲಿ ಅವನ್ನು ಯಾರು ಬೇಕಾದರೂ ಓದಬಹುದು. ಆ ವರದಿ ಎಷ್ಟು ಚೆನ್ನಾಗಿದೆ ಎಂದು ಹೊರಗಿನವರು ಕೊಟ್ಟ ದರ್ಜೆಯೂ ಜೊತೆಗಿರುತ್ತದೆ. ಶಿಫಾರಸುಗಳಲ್ಲಿ ಯಾವುದನ್ನು ಒಪ್ಪಿದ್ದೇವೆ, ಯಾವುದನ್ನು ಅರ್ಧ ಒಪ್ಪಿದ್ದೇವೆ, ಯಾವುದನ್ನು ಒಪ್ಪಿಲ್ಲ ಎಂಬ ಕಚೇರಿಯ ಉತ್ತರವೂ ಅಲ್ಲೇ ಸಿಗುತ್ತದೆ. ದುಡ್ಡು ಕೊಟ್ಟವರ ಮುಂದೆ ಮುಖ ಉಳಿಸಿಕೊಳ್ಳಬೇಕಾದ ಸಂಸ್ಥೆಯೊಂದು ತನ್ನ ಕಳಪೆ ವರದಿಯನ್ನೂ ಕಳಪೆ ಎಂದೇ ಹೇಳಿ ಹೊರಗಿಡುವುದು ಸಣ್ಣ ಮಾತಲ್ಲ. ನಮ್ಮಲ್ಲಿ 2011ರಲ್ಲೇ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಬಂದಿದೆ. ಆದರೂ ಸರ್ಕಾರಿ ಯೋಜನೆಯ ಮೌಲ್ಯಮಾಪನ ಎಂದೊಡನೆ ಹೆಚ್ಚಿನವರ ಕಣ್ಣಮುಂದೆ ಬರುವುದು ಇಲಾಖೆಯ ಸಾಧನೆಗಳ ಬಣ್ಣದ ಪುಸ್ತಿಕೆಯೇ.

ಇಷ್ಟು ಮೆಚ್ಚಿಕೊಂಡ ಮೇಲೂ, ಈ ವ್ಯವಸ್ಥೆಯನ್ನು ಹತ್ತಿರದಿಂದ ನೋಡುತ್ತ ಹೋದರೆ ಒಂದು ಅನುಮಾನ ಬಿಡದೆ ಹಿಂಬಾಲಿಸುತ್ತದೆ: ಇಲ್ಲಿ ಅಳೆಯುತ್ತಿರುವುದು ಕಾರ್ಯಕ್ರಮದ ಗುಣಮಟ್ಟವನ್ನೋ, ಅದರ ಬಗ್ಗೆ ಬರೆದ ವರದಿಯ ಗುಣಮಟ್ಟವನ್ನೋ?

ಸಂಸ್ಥೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1976ರಲ್ಲಿ ಶುರುವಾದ ನಿಧಿಯೊಂದು ಮುಂದೆ ಯುನಿಫೆಮ್ ಆಯಿತು. ಅದನ್ನೂ ಇನ್ನು ಮೂರು ಘಟಕಗಳನ್ನೂ ಕೂಡಿಸಿ 2010ರ ಜುಲೈನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಯುಎನ್ ವಿಮೆನ್ ಅನ್ನು ಸ್ಥಾಪಿಸಿತು. ಚಿಲಿಯ ಅಧ್ಯಕ್ಷೆಯಾಗಿದ್ದ ಮಿಚೆಲ್ ಬ್ಯಾಚೆಲೆಟ್ ಮೊದಲ ಮುಖ್ಯಸ್ಥೆ. ಹೊಲಿಗೆ ಯಂತ್ರ ಹಂಚಿ ಲೆಕ್ಕ ಒಪ್ಪಿಸಬಹುದಾದ ಸಂಸ್ಥೆ ಇದಲ್ಲ. ಸರ್ಕಾರಗಳ ನಡುವಿನ ಒಪ್ಪಂದಗಳಿಗೆ ಒತ್ತಾಸೆಯಾಗಿ ನಿಲ್ಲುವುದು, ವಿಶ್ವಸಂಸ್ಥೆಯ ಉಳಿದ ಅಂಗಗಳು ಲಿಂಗ ಸಮಾನತೆಯನ್ನು ಮರೆಯದಂತೆ ನೋಡಿಕೊಳ್ಳುವುದು, ದೇಶದೇಶಗಳಲ್ಲಿ ಕಾರ್ಯಕ್ರಮ ನಡೆಸುವುದು, ಹೀಗೆ ಮೂರು ಬಗೆಯ ಹೊಣೆ ಅದಕ್ಕಿದೆ. ಒಂದು ದೇಶದಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧ ಕಾನೂನು ಬಂತು ಅನ್ನಿ. ಅದರಲ್ಲಿ ಈ ಸಂಸ್ಥೆಯ ಪಾಲೆಷ್ಟು, ಇಪ್ಪತ್ತು ವರ್ಷ ಬೀದಿಗಿಳಿದ ಅಲ್ಲಿನ ಮಹಿಳಾ ಸಂಘಟನೆಗಳ ಪಾಲೆಷ್ಟು, ಚುನಾವಣೆ ಹತ್ತಿರವಿದ್ದ ಮಂತ್ರಿಯ ಪಾಲೆಷ್ಟು? ಯಾವ ತಕ್ಕಡಿಯಲ್ಲೂ ಇದನ್ನು ಬಿಡಿಸಿ ತೂಗಲಾಗದು. ಅದಕ್ಕೇ ಮೌಲ್ಯಮಾಪಕರು ‘ಇವರಿಂದಲೇ ಆಯಿತು’ ಎನ್ನುವುದನ್ನು ಬಿಟ್ಟು ‘ಇವರ ಕೊಡುಗೆಯೂ ಇತ್ತು’ ಎನ್ನುವ ಕಡೆಗೆ ಸರಿದಿದ್ದಾರೆ. ಅದು ಸರಿಯಾದ ನಡೆಯೇ.

ವರದಿಗೆ ದರ್ಜೆ ಕೊಡುವ ಪದ್ಧತಿಗೆ ‘ಗೆರಾಸ್’ ಎಂದು ಹೆಸರು. 2013ರಿಂದ ನಡೆದುಕೊಂಡು ಬಂದಿದೆ. ಮುಗಿದ ಮೌಲ್ಯಮಾಪನದ ವರದಿಯನ್ನು ಸಂಸ್ಥೆಗೆ ಸೇರದ ಪರಿಶೀಲಕರ ಕೈಗೆ ಕೊಡುತ್ತಾರೆ. ಹಿನ್ನೆಲೆ ಸ್ಪಷ್ಟವಾಗಿದೆಯೇ, ವಿಧಾನ ಒಪ್ಪುವಂಥದ್ದೇ, ಹೇಳಿದ ಸಂಗತಿಗೆ ಪುರಾವೆ ಇದೆಯೇ, ತೀರ್ಮಾನ ಆ ಪುರಾವೆಯಿಂದಲೇ ಹುಟ್ಟಿದೆಯೇ, ಶಿಫಾರಸು ಯಾರು ಮಾಡಬೇಕೆಂಬುದು ಗೊತ್ತಾಗುತ್ತದೆಯೇ ಎಂದೆಲ್ಲ ನೋಡಿ ಅವರು ‘ಅತ್ಯುತ್ತಮ’ದಿಂದ ‘ಅತೃಪ್ತಿಕರ’ದವರೆಗಿನ ನಾಲ್ಕರಲ್ಲಿ ಒಂದು ದರ್ಜೆ ಕೊಡುತ್ತಾರೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ಮೇಷ್ಟ್ರು ತಿದ್ದಿದ ಪತ್ರಿಕೆಯನ್ನು ಉಪ ಮುಖ್ಯ ಮೌಲ್ಯಮಾಪಕರು ಮತ್ತೊಮ್ಮೆ ತಿರುವಿ ನೋಡುವಂಥ ಕೆಲಸ ಇದು. ಬೇಕಾದ ಕೆಲಸವೇ. ಆದರೆ ಹುಡುಗಿಗೆ ಗಣಿತ ಬಂತೋ ಇಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ. ಸೋತುಹೋದ ಕಾರ್ಯಕ್ರಮದ ಬಗ್ಗೆ ನೇರವಾಗಿ ಬರೆದ ವರದಿಗೆ ‘ಅತ್ಯುತ್ತಮ’ ಸಿಗಬಹುದು, ಒಳ್ಳೆಯ ಕಾರ್ಯಕ್ರಮವೊಂದು ಅವಸರದ ಮೌಲ್ಯಮಾಪಕರ ಕೈಗೆ ಸಿಕ್ಕಿ ಅದರ ವರದಿ ಕೆಳಗಿನ ದರ್ಜೆಗೆ ಬೀಳಲೂಬಹುದು.

ಪದ್ಧತಿ ಇದನ್ನೇನೂ ಮುಚ್ಚಿಡುವುದಿಲ್ಲ, ತಾನು ನೋಡುವುದು ವರದಿಯನ್ನು ಮಾತ್ರ ಎಂದೇ ಹೇಳುತ್ತದೆ. ತೊಡಕು ಹುಟ್ಟುವುದು ಆಮೇಲೆ. ಸಂಸ್ಥೆಯ ಕಾರ್ಯಕಾರಿ ಮಂಡಳಿಗೆ ಮೌಲ್ಯಮಾಪನದ ಬಗ್ಗೆ ವರ್ಷಕ್ಕೊಂದು ವರದಿ ಹೋಗುತ್ತದೆ. ಅದರಲ್ಲಿ ಎದ್ದು ಕಾಣುವ ಸೂಚಕಗಳು ಇಂಥವು: ಎಷ್ಟು ದೇಶ ಕಚೇರಿಗಳು ಮೌಲ್ಯಮಾಪನ ಮಾಡಿಸಿದವು, ಹಮ್ಮಿಕೊಂಡದ್ದರಲ್ಲಿ ಎಷ್ಟು ಮುಗಿದವು, ಎಷ್ಟು ವರದಿಗಳಿಗೆ ಒಳ್ಳೆಯ ದರ್ಜೆ ಸಿಕ್ಕಿತು, ಎಷ್ಟಕ್ಕೆ ಕಚೇರಿಯ ಉತ್ತರ ಬಂತು. ಎಲ್ಲವೂ ಮೌಲ್ಯಮಾಪನ ವ್ಯವಸ್ಥೆಯ ಆರೋಗ್ಯವನ್ನು ತೋರಿಸುತ್ತವೆ. ಮೇಲಿನವರು ನೋಡುವ ಪರದೆಯ ಮೇಲೆ ಹಸಿರು ಬಣ್ಣ ತುಂಬಿಕೊಂಡಿರುವಾಗ ಅದು ಕಾರ್ಯಕ್ರಮದ ಹಸಿರೋ ಕಾಗದದ ಹಸಿರೋ ಎಂದು ಕೇಳುವ ವ್ಯವಧಾನ ಸಭೆಗಳಲ್ಲಿ ಕಡಿಮೆ. ಯಾವ ಕಚೇರಿಯಲ್ಲಿ ಕೆಲಸ ಮಾಡಿದವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಈ ಪದ್ಧತಿ ಬರೀ ಕಾಗದಪತ್ರದ ಆಟ ಎಂದು ತಳ್ಳಿಹಾಕುವುದು ಅನ್ಯಾಯ. ಪ್ರಶ್ನೆ ಕೇಳುವ ರೀತಿಯಲ್ಲಿ ಇಂಥ ಅಂಕಪಟ್ಟಿಗಳು ತಂದ ಬದಲಾವಣೆ ನಿಜಕ್ಕೂ ದೊಡ್ಡದು. ವಿಶ್ವಸಂಸ್ಥೆಯ ಎಲ್ಲ ಅಂಗಗಳಿಗೂ ಅನ್ವಯಿಸುವ ‘ಸ್ವಾಪ್’ ಎಂಬ ಲಿಂಗ ಸಮಾನತೆಯ ಕ್ರಿಯಾಯೋಜನೆ 2012ರಲ್ಲಿ ಬಂತು, ಅದರ ಉಸ್ತುವಾರಿ ಯುಎನ್ ವಿಮೆನ್‌ನದು. ಆರೋಗ್ಯ, ಕೃಷಿ, ನೀರು, ಯಾವ ಕಾರ್ಯಕ್ರಮದ ವರದಿಯೇ ಆಗಲಿ, ಅದರಡಿ ಮೂರು ಅಂಶಗಳನ್ನು ನೋಡಿ ತಲಾ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುತ್ತಾರೆ. ಮೌಲ್ಯಮಾಪನದ ಪ್ರಶ್ನೆಗಳಲ್ಲೇ ಲಿಂಗ ಸಮಾನತೆ ಇತ್ತೇ? ವಿಧಾನದಲ್ಲಿ ಇತ್ತೇ? ಕೊನೆಗೆ ಬರೆದ ತೀರ್ಮಾನ, ಶಿಫಾರಸುಗಳಲ್ಲಿ ಉಳಿಯಿತೇ? ಒಂಬತ್ತರಲ್ಲಿ ಏಳು ಬಂದರೆ ಗೆದ್ದಂತೆ. ಫಲಾನುಭವಿಗಳಲ್ಲಿ ಗಂಡಸರು ಇಷ್ಟು, ಹೆಂಗಸರು ಇಷ್ಟು ಎಂದು ಎರಡು ಕಾಲಂ ಹಾಕಿ ಕೈತೊಳೆದುಕೊಂಡವರಿಗೆ ಇಲ್ಲಿ ಪೂರ್ತಿ ಅಂಕವಿಲ್ಲ. ಹೆಂಗಸರನ್ನು ಗಂಡಂದಿರ ಎದುರಿಗೇ ಕೂರಿಸಿ ಮಾತಾಡಿಸಿದಿರೋ, ಬೇರೆಯಾಗಿ ಕೇಳಿದಿರೋ? ಭೂಮಿ ಇದ್ದವಳ ಮಾತನ್ನೂ ಇಲ್ಲದವಳ ಮಾತನ್ನೂ ಒಂದೇ ಚೀಲಕ್ಕೆ ತುಂಬಿದಿರೋ? ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಲು ಮೌಲ್ಯಮಾಪಕರನ್ನು ಕಟ್ಟಿಹಾಕಿದ್ದು ಈ ಅಂಕಪಟ್ಟಿಯೇ.

ನನ್ನ ತಕರಾರು ಇರುವುದು ಅಂಕಪಟ್ಟಿಯಾಚೆ, ಸಂಖ್ಯೆಗಳು ದಾರಿ ತಪ್ಪಿಸುವ ಕಡೆ. ಹಿಂಸೆಯನ್ನೇ ತೆಗೆದುಕೊಳ್ಳೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ಶೇ 20.6. 2019-21ರ ಐದನೇ ಸುತ್ತಿನಲ್ಲಿ ಅದು ಶೇ 44.4. ಐದು ವರ್ಷದೊಳಗೆ ಕರ್ನಾಟಕದ ಗಂಡಂದಿರು ದುಪ್ಪಟ್ಟು ಕ್ರೂರರಾದರೇ? ಹಿಂದೆ ನುಂಗಿಕೊಂಡಿದ್ದ ಮಾತನ್ನು ಹೆಂಗಸರು ಈಗ ಆಡಿದರೇ? ಕೇಳಿದವರ ತರಬೇತಿ ಬದಲಾಗಿತ್ತೇ? ಸಂಖ್ಯೆಯೊಂದೇ ಇದಕ್ಕೆ ಉತ್ತರ ಕೊಡದು. ಈಗ ಹಿಂಸೆ ತಡೆಯಲು ಹೊರಟ ಕಾರ್ಯಕ್ರಮವೊಂದರ ಸೂಚಕ ‘ಹಿಂಸೆ ವರದಿ ಮಾಡಿದ ಮಹಿಳೆಯರ ಪ್ರಮಾಣ’ ಎಂದಿಟ್ಟುಕೊಳ್ಳಿ. ಅದು ಏರಿದರೆ ಗೆಲುವೋ ಸೋಲೋ? ಕಾರ್ಯಕ್ರಮ ಚೆನ್ನಾಗಿ ನಡೆದರೆ ಮೊದಮೊದಲು ದೂರುಗಳು ಏರಬೇಕು, ಎಷ್ಟೋ ವರ್ಷದ ಮೇಲೆ ಇಳಿಯಬೇಕು. ಪ್ರಾಜೆಕ್ಟಿನ ಅವಧಿಯೋ ಸಾಮಾನ್ಯವಾಗಿ ಮೂರು-ನಾಲ್ಕು ವರ್ಷ. ದೂರು ಏರುತ್ತಿರುವ ಹೊತ್ತಿಗೇ ಮೌಲ್ಯಮಾಪಕರು ಬಂದಿಳಿಯುತ್ತಾರೆ.

ಪಂಚಾಯಿತಿ ಸದಸ್ಯೆಯರ ತರಬೇತಿಯಲ್ಲಿ ಅಳತೆ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡೋಣ. ತಾಲ್ಲೂಕು ಕೇಂದ್ರದ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿ, ಹಿಂದೆ ಫ್ಲೆಕ್ಸ್. ಬಾಗಿಲಲ್ಲಿ ಹಾಜರಿ ಪುಸ್ತಕ: ಹೆಸರು, ಊರು, ಫೋನ್ ನಂಬರು, ಸಹಿ. ಮೊದಲು ಹತ್ತು ಪ್ರಶ್ನೆಯ ಒಂದು ಹಾಳೆ, ಸಂಜೆ ಅದೇ ಹಾಳೆ ಇನ್ನೊಮ್ಮೆ. ಬೆಳಿಗ್ಗೆ ನಾಲ್ಕು ಸರಿ ಬರೆದವಳು ಸಂಜೆ ಎಂಟು ಬರೆದರೆ ‘ಜ್ಞಾನ ವೃದ್ಧಿ’ ಎಂಬ ಕಾಲಂ ತುಂಬುತ್ತದೆ. ಬಸ್‌ಚಾರ್ಜಿಗೆ ಸಹಿ, ಊಟದ ಬಿಲ್ಲು, ಗ್ರೂಪ್ ಫೋಟೋ. ಇವೆಲ್ಲ ಬೇಕು, ಇಲ್ಲದಿದ್ದರೆ ಲೆಕ್ಕ ಪರಿಶೋಧಕರು ಬಿಡುವುದಿಲ್ಲ. ಆದರೆ ಆಕೆ ಊರಿಗೆ ಹೋಗಿ ಮುಂದಿನ ಸಾಮಾನ್ಯ ಸಭೆಯಲ್ಲಿ ಎಲ್ಲಿ ಕೂತಳು, ಕ್ರಿಯಾಯೋಜನೆಯ ಪಟ್ಟಿಯನ್ನು ತಾನೇ ಓದಿದಳೋ ಗಂಡ ಓದಿ ಸಹಿ ಹಾಕಿಸಿದನೋ, ‘ಈ ಬಿಲ್ಲಿಗೆ ನಾನು ಸಹಿ ಹಾಕುವುದಿಲ್ಲ’ ಎಂದ ದಿನ ಅವಳ ಮೇಲೆ ಎಷ್ಟು ಜನ ಮುಗಿಬಿದ್ದರು, ಇದಕ್ಕೆ ಕಾಲಂ ಇಲ್ಲ.

ಇದು ಒಂದು ತರಬೇತಿಯ ಪಾಡಷ್ಟೇ ಅಲ್ಲ. ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ‘ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರ ಸ್ಥಾನಗಳ ಪ್ರಮಾಣ’ ಎಂಬ ಸೂಚಕವೊಂದಿದೆ, ಅದನ್ನು ಜಗತ್ತಿಗೆಲ್ಲ ಲೆಕ್ಕ ಹಾಕಿ ಒಪ್ಪಿಸುವ ಹೊಣೆ ಯುಎನ್ ವಿಮೆನ್‌ನದೇ. ಭಾರತದ ಪಂಚಾಯಿತಿಗಳಲ್ಲಿ 14 ಲಕ್ಷಕ್ಕೂ ಹೆಚ್ಚು ಚುನಾಯಿತ ಮಹಿಳೆಯರಿದ್ದಾರೆ, ಶೇ 45ರ ಆಸುಪಾಸು. ಕರ್ನಾಟಕವಂತೂ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1987ರ ಚುನಾವಣೆಯಲ್ಲೇ, ಮಂಡಲ ಪಂಚಾಯಿತಿಗಳಲ್ಲಿ ಕಾಲು ಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ರಾಜ್ಯ. ಈ ಸಂಖ್ಯೆ ಹುಸಿಯಲ್ಲ. ಮೀಸಲಾತಿ ಇರದಿದ್ದರೆ ಆ ಕುರ್ಚಿಗಳ ಹತ್ತಿರವೂ ಸುಳಿಯಲಾಗದಿದ್ದ ಸಾವಿರಾರು ಹೆಂಗಸರು ನಿಜಕ್ಕೂ ಆಡಳಿತ ಕಲಿತಿದ್ದಾರೆ. ಆದರೆ ಅಧ್ಯಕ್ಷೆಯೇ ನಡೆಸುವ ಪಂಚಾಯಿತಿ, ‘ಅಧ್ಯಕ್ಷೆಯ ಗಂಡ’ ನಡೆಸುವ ಪಂಚಾಯಿತಿ, ಎರಡೂ ಈ ಸೂಚಕದಲ್ಲಿ ಒಂದೇ. ಕುರ್ಚಿ ಎಣಿಸುವುದು ಸುಲಭವೆಂದೇ ಅದನ್ನು ಆರಿಸಿಕೊಂಡಿದ್ದಾರೆ ಎಂದು ನನ್ನ ಗುಮಾನಿ.

ಈ ಮಾತನ್ನು ನನಗಿಂತ ಚೆನ್ನಾಗಿ, ಮೊದಲೇ ಹೇಳಿದವರು ಶ್ರೀಲತಾ ಬಾಟ್ಲಿವಾಲಾ. ಅಲೆಕ್ಸಾಂಡ್ರಾ ಪಿಟ್‌ಮನ್ ಜೊತೆ ಸೇರಿ ‘ಅವಿಡ್’ ಎಂಬ ಅಂತರರಾಷ್ಟ್ರೀಯ ಮಹಿಳಾ ಸಂಘಟನೆಗಾಗಿ ಅವರು 2010ರಲ್ಲಿ ಬರೆದ ಪ್ರಬಂಧ, ಮಹಿಳೆಯರ ಬದುಕಿನ ಬದಲಾವಣೆಯನ್ನು ಅಳೆಯಲು ಬಳಕೆಯಲ್ಲಿದ್ದ ಚೌಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿತು. ಅವರ ಮುಖ್ಯ ಆಕ್ಷೇಪ ಇದ್ದದ್ದು ಲಾಗ್‌ಫ್ರೇಮ್ ಎಂಬ ಕೋಷ್ಟಕದಂಥ ಚೌಕಟ್ಟುಗಳ ಮೇಲೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ನೆರವು ಸಂಸ್ಥೆಗಾಗಿ ರೂಪುಗೊಂಡ ಈ ಕೋಷ್ಟಕ, ಇಷ್ಟು ಹಾಕಿದರೆ ಇಷ್ಟು ಬರುತ್ತದೆ ಎಂಬ ನೇರ ದಾರಿಯನ್ನು ನಂಬುತ್ತದೆ. ಅಧಿಕಾರದ ಸಂಬಂಧಕ್ಕೆ ಕೈಹಾಕಿದರೆ ದಾರಿ ನೇರ ಇರುವುದಿಲ್ಲ. ಎದುರೇಟು ಬೀಳುತ್ತದೆ, ಎರಡು ಹೆಜ್ಜೆ ಹಿಂದಕ್ಕೂ ಹೋಗಬೇಕಾಗುತ್ತದೆ. ವಿರೋಧ ಜೋರಾಯಿತೆಂದರೆ ಕೆಲಸ ಎಲ್ಲೋ ತಟ್ಟಿದೆ ಎಂದೂ ಓದಬಹುದು. ಸಿಕ್ಕಿದ ಹಕ್ಕು ಕೈಜಾರದಂತೆ ಹಿಡಿದುಕೊಂಡದ್ದೇ ಕೆಲವು ವರ್ಷಗಳಲ್ಲಿ ದೊಡ್ಡ ಸಾಧನೆಯಾಗಿರಬಹುದು, ಕೋಷ್ಟಕದಲ್ಲಿ ಮಾತ್ರ ಅದು ‘ಪ್ರಗತಿ ಇಲ್ಲ’ ಎಂದೇ ನಮೂದಾಗುತ್ತದೆ.

ಬಾಟ್ಲಿವಾಲಾ ಇದನ್ನು ಗ್ರಂಥಾಲಯದಲ್ಲಿ ಕೂತು ಕಂಡುಕೊಂಡವರಲ್ಲ. 1989ರಲ್ಲಿ ಡಚ್ ಸರ್ಕಾರದ ನೆರವಿನಿಂದ ಕರ್ನಾಟಕದಲ್ಲೂ ಶುರುವಾದ ಮಹಿಳಾ ಸಮಖ್ಯದ ಮೊದಲ ರಾಜ್ಯ ನಿರ್ದೇಶಕಿ ಅವರು. ಬೀದರ್‌ನಂಥ ಜಿಲ್ಲೆಗಳಲ್ಲಿ ಕೂಲಿ ಹೆಂಗಸರ ಸಂಘ ಕಟ್ಟಿದ ಆ ಕಾರ್ಯಕ್ರಮದ ಮೂಲ ನಿಯಮವೇ, ಏನು ಮಾಡಬೇಕು, ಎಷ್ಟು ಬೇಗ ಮಾಡಬೇಕು ಎಂಬುದನ್ನು ಸಂಘದವರೇ ತೀರ್ಮಾನಿಸಬೇಕು, ಮೇಲಿನಿಂದ ಗುರಿ ಹೇರಬಾರದು ಎಂಬುದು. ಸರ್ಕಾರಿ ದುಡ್ಡಿನಲ್ಲಿ ಟಾರ್ಗೆಟ್ ಇಲ್ಲದ ಕಾರ್ಯಕ್ರಮ! ಇವತ್ತು ಅಂಥ ಪ್ರಸ್ತಾವ ಯಾವ ಕಚೇರಿಯ ಮೊದಲ ಮೇಜನ್ನೂ ದಾಟಲಾರದು. ಮಹಿಳಾ ಸಮಖ್ಯಕ್ಕೂ ಅದರದೇ ಸಂಕಟಗಳಿದ್ದವು, ಗುರಿ ಇಲ್ಲದ್ದರಿಂದಲೇ ತನ್ನನ್ನು ಸಮರ್ಥಿಸಿಕೊಳ್ಳಲು ಅಂಕಿಸಂಖ್ಯೆ ಅದರ ಕೈಯಲ್ಲಿ ಕಡಿಮೆ ಇತ್ತು. ಕೇಂದ್ರ ಸರ್ಕಾರ ಅದಕ್ಕೆ ಹಣ ನಿಲ್ಲಿಸಲು ಹೊರಟಾಗ ಈ ಕೊರತೆಯೂ ಅದಕ್ಕೆ ಮುಳುವಾಗಿರಬೇಕು.

ಅಳತೆಯೇ ಬೇಡ ಎಂಬುದು ನನ್ನ ವಾದವಲ್ಲ. ಇನ್ನೂ ಒಳ್ಳೆಯ ಅಳತೆಗೋಲು ಪಕ್ಕದ ಮನೆಯಲ್ಲೇ ಸಿದ್ಧವಾಗಿದೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಯುಎನ್‌ಡಿಪಿಯ ಮೌಲ್ಯಮಾಪನ ಕಚೇರಿ 2015ರ ತನ್ನ ವರದಿಯಲ್ಲಿ ಫಲಿತಾಂಶಗಳನ್ನೇ ಐದು ಮೆಟ್ಟಿಲಲ್ಲಿ ಇಟ್ಟು ನೋಡಿತು. ಮಹಿಳೆಯರಿಗೆ ಕೆಡುಕು ಮಾಡಿದವು, ಅವರನ್ನು ಗಮನಿಸದೇ ಹೋದವು, ಅವರ ತಲೆ ಎಣಿಸಿದವು, ಅವರ ಬೇರೆಬೇರೆ ಅಗತ್ಯಗಳಿಗೆ ಸ್ಪಂದಿಸಿದವು, ಅಧಿಕಾರದ ಬೇರನ್ನೇ ಅಲುಗಾಡಿಸಿದವು. ಹೆಚ್ಚಿನ ಫಲಿತಾಂಶಗಳು ತಲೆ ಎಣಿಕೆಯ ಮೆಟ್ಟಿಲಲ್ಲೇ ನಿಂತಿದ್ದವು ಎಂದು ತನ್ನದೇ ಸಂಸ್ಥೆಯ ಬಗ್ಗೆ ಬರೆಯಿತು. ಇಲ್ಲಿ ದರ್ಜೆ ಸಿಕ್ಕಿದ್ದು ವರದಿಗಲ್ಲ, ಫಲಿತಾಂಶಕ್ಕೆ. ‘ಕೆಡುಕು’ ಎಂಬ ಮೆಟ್ಟಿಲನ್ನು ಮೊದಲೇ ಇಟ್ಟಿರುವುದಂತೂ ನನಗೆ ತುಂಬ ಹಿಡಿಸಿತು. ಯುಎನ್ ವಿಮೆನ್‌ನ ವಾರ್ಷಿಕ ಸೂಚಕಗಳ ಸಾಲಿನಲ್ಲಿ ಇಂಥದ್ದೊಂದು ಕೂರಬೇಕು.

ಇನ್ನು ಹಣದ ಮಾತು. ಸಂಸ್ಥೆಗೆ ಬರುವ ದುಡ್ಡಿನಲ್ಲಿ ಹೆಚ್ಚಿನ ಪಾಲು ಇಂಥದ್ದಕ್ಕೇ ಎಂದು ಗುರುತು ಹಾಕಿ ಬರುತ್ತದೆ. ಕಾರ್ಯಕ್ರಮದ ಬಜೆಟ್ಟಿನಲ್ಲಿ ಇಂತಿಷ್ಟು ಪಾಲನ್ನು ಮೌಲ್ಯಮಾಪನಕ್ಕೆ ಇಡಬೇಕೆಂಬ ಮಾನದಂಡವಿದೆ, ಚೆನ್ನಾಗಿದೆ. ಆದರೆ ದೇಶ ಕಚೇರಿಗಳ ಮಟ್ಟದ ಎಷ್ಟೋ ಮೌಲ್ಯಮಾಪನಗಳಲ್ಲಿ ಮೌಲ್ಯಮಾಪಕರನ್ನು ಹುಡುಕುವುದು, ಕರಾರು ಮಾಡಿಕೊಳ್ಳುವುದು, ಕರಡು ಓದುವುದು, ಚೆಕ್ಕು ಕೊಡುವುದು ಎಲ್ಲ ಅದೇ ಕಚೇರಿ. ಮುಂದಿನ ವರ್ಷ ಮತ್ತೆ ಕೆಲಸ ಬೇಕಾದವರು ಎಷ್ಟು ಕಟುವಾಗಿ ಬರೆದಾರು? 2018ರಲ್ಲಿ ಮೌಲ್ಯಮಾಪನ ಮತ್ತು ಲೆಕ್ಕ ಪರಿಶೋಧನೆಯನ್ನು ಒಂದೇ ಸ್ವತಂತ್ರ ವಿಭಾಗದಡಿ ತಂದದ್ದು, ಬಿಡಿ ಪ್ರಾಜೆಕ್ಟಿನ ಬದಲು ಒಂದು ದೇಶದ ಇಡೀ ಕೆಲಸವನ್ನು ಒಟ್ಟಿಗೆ ನೋಡುವ ಮೌಲ್ಯಮಾಪನಗಳಿಗೆ ಒತ್ತು ಕೊಟ್ಟದ್ದು, ಇವು ಸರಿಯಾದ ದಿಕ್ಕಿನ ತಿದ್ದುಪಡಿಗಳು. ಪ್ರಾಜೆಕ್ಟು ಮುಗಿದು ಐದು ವರ್ಷದ ಮೇಲೆ ಮತ್ತೆ ಅದೇ ಊರಿಗೆ ಹೋಗಿ ನೋಡುವ ಮೌಲ್ಯಮಾಪನಕ್ಕೆ ಮಾತ್ರ ದುಡ್ಡು ಕೊಡುವವರು ಬಲು ವಿರಳ, ಆ ಹೊತ್ತಿಗೆ ಬಜೆಟ್ಟಿನ ಬಾಬ್ತೇ ಮುಚ್ಚಿರುತ್ತದೆ.

ಇಷ್ಟು ವರ್ಷ ಕೂಡಿಟ್ಟ ವರದಿಗಳಿಗೆ ಈಗ ಬೇರೊಂದು ಬಗೆಯ ಪರೀಕ್ಷೆ ಎದುರಾಗಿದೆ. ಹಣದ ಮುಗ್ಗಟ್ಟಿನಲ್ಲಿರುವ ವಿಶ್ವಸಂಸ್ಥೆ 2025ರ ಮಾರ್ಚ್‌ನಲ್ಲಿ ಶುರುಮಾಡಿದ ‘ಯುಎನ್80’ ಸುಧಾರಣೆಯಡಿ, ಯುಎನ್ ವಿಮೆನ್ ಮತ್ತು ಜನಸಂಖ್ಯಾ ನಿಧಿ ಯುಎನ್‌ಎಫ್‌ಪಿಎ ಎರಡನ್ನೂ ಒಂದುಗೂಡಿಸಬಹುದೇ ಎಂಬ ಪ್ರಸ್ತಾವ ಮೇಜಿನ ಮೇಲೆ ಬಂದಿದೆ. ಎರಡೂ ಸಂಸ್ಥೆಗಳ ಬಳಿ ರಾಶಿಗಟ್ಟಲೆ ಮೌಲ್ಯಮಾಪನಗಳಿವೆ. ಯಾವ ಕೆಲಸ ಬೇರು ಬಿಟ್ಟಿತು, ಯಾವುದು ಪ್ರಾಜೆಕ್ಟಿನ ಜೊತೆಗೇ ಮುಗಿಯಿತು, ಒಂದಾದರೆ ಯಾವುದು ಕೊಚ್ಚಿಹೋಗಬಹುದು ಎಂಬುದಕ್ಕೆ ಸುಳಿವುಗಳು ಆ ವರದಿಗಳಲ್ಲಿ ಸಿಗಬೇಕು. ಅವು ಆ ತೀರ್ಮಾನದ ಕಡತವನ್ನು ಸೇರುತ್ತವೋ, ಉಳಿತಾಯದ ಲೆಕ್ಕವೊಂದೇ ಅಲ್ಲಿ ಕೂರುತ್ತದೋ ಎಂಬುದನ್ನು ಗೆರಾಸ್‌ನ ಯಾವ ದರ್ಜೆಯೂ ನಿರ್ಧರಿಸುವುದಿಲ್ಲ, ನಿರ್ಧರಿಸುವವರು ಸದಸ್ಯ ರಾಷ್ಟ್ರಗಳು.