ಏಣಿಯ ಬುಡದಲ್ಲಿ ಕೂತವರು

ಅಂತರಘಟ್ಟೆ ದುರ್ಗಾಂಬೆಯ ಜಾತ್ರೆ ಬಂತೆಂದರೆ ಸುತ್ತಲ ಊರುಗಳ ಎತ್ತಿನ ಗಾಡಿಗಳೆಲ್ಲ ಅತ್ತ ಮುಖ ಮಾಡುತ್ತವೆ. ಹಿರಿಯರ ಜೊತೆ ಮಕ್ಕಳೂ ಗಾಡಿ ಹತ್ತುತ್ತಾರೆ. ಶಾಲೆಯ ಹಾಜರಿ ಪುಸ್ತಕ ಸೊರಗುತ್ತದೆ. ಅಜ್ಜಂಪುರದ ಕಡೆ ಈರುಳ್ಳಿ ಕೀಳುವಾಗಲೂ ಅಷ್ಟೇ. ಅಡಿಕೆ ಸುಲಿಯುವ ಕಾಲದಲ್ಲಿ ಕೂಸು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಎರಡನೇ ಕ್ಲಾಸಿನ ಅಕ್ಕ. ಪಾಠಪುಸ್ತಕ ಮಾತ್ರ ಇದ್ದ ಕಾಲದಲ್ಲಿ ಹೀಗೆ ಎಂಟು ದಿನ ತಪ್ಪಿಸಿಕೊಂಡ ಮಗುವಿಗೆ ಆ ಎಂಟು ದಿನದ ಪಾಠ ಹೋದದ್ದೇ. ಕಾಗುಣಿತ ಬಾರದೆ ಒತ್ತಕ್ಷರಕ್ಕೆ, ಒತ್ತಕ್ಷರ ಬಾರದೆ ಮುಂದಿನ ಕ್ಲಾಸಿಗೆ ಹೋಗಿ, ‘ದಡ್ಡ’ ಅನ್ನಿಸಿಕೊಂಡು, ಕೊನೆಗೆ ಎಮ್ಮೆ ಹಿಂದೆ ನಿಲ್ಲುತ್ತಿತ್ತು.

ಪುಸ್ತಕದ ಬದಲು ಕಾರ್ಡು ಹಿಡಿದು, ಮಗು ತನ್ನದೇ ಹೆಜ್ಜೆಯಲ್ಲಿ ಕಲಿಯುವ ನಲಿ-ಕಲಿ ಪದ್ಧತಿಯನ್ನು ಈ ಮಗುವಿನ ಕಡೆಯಿಂದ ಅಳೆಯಬೇಕು. ಚುರುಕಾದ ಮಗು ಯಾವ ಪದ್ಧತಿಯಲ್ಲೂ ಓದಿಬಿಡುತ್ತದೆ. ಅದರ ಅಂಕಪಟ್ಟಿ ತೋರಿಸಿ ಪದ್ಧತಿಯನ್ನು ಹೊಗಳುವುದರಲ್ಲಿ ಅರ್ಥವಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಮಾದರಿ ಸಿಕ್ಕಿದ್ದು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳಲ್ಲಿ. ಅದನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು, ಚಿತ್ರ ಬಿಡಿಸಿದರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಮೊದಲು 1 ಮತ್ತು 2ನೇ ತರಗತಿಗೆ, ಆಮೇಲೆ 3ಕ್ಕೂ. ಮೇಷ್ಟ್ರುಗಳ ಕೈಯಲ್ಲಿ ಹುಟ್ಟಿದ್ದು ಆದೇಶವಾಗಿ ಊರೂರಿಗೆ ಹೋಯಿತು. ಅದರ ಅರ್ಧ ಕಷ್ಟ ಇಲ್ಲೇ ಇದೆ.

ಪದ್ಧತಿಯ ಜಾಣತನ ಅಕ್ಷರದ ಸರದಿಯಲ್ಲಿದೆ. ‘ಅ ಆ ಇ ಈ’ ಎಂದು ವರ್ಣಮಾಲೆ ಹಿಡಿದು ಹೋಗುವುದಿಲ್ಲ. ಮೊದಲು ಕಲಿಸುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ದರ, ಅರಸ, ಗರಗಸ ಎಲ್ಲ ಓದಬಹುದು. ಶಾಲೆಗೆ ಸೇರಿ ಕೆಲವೇ ವಾರಕ್ಕೆ ಒಂದು ಇಡೀ ಪದ ಬಾಯಿಗೆ ಬಂದಾಗ ಮಗುವಿನ ಮುಖ ಅರಳುವುದಿದೆಯಲ್ಲ, ವರ್ಣಮಾಲೆಯ ದಾರಿಯಲ್ಲಿ ಅದಕ್ಕೆ ಬಹಳ ಕಾಯಬೇಕಿತ್ತು. ‘ಅ ಆ ಇ ಈ ಒಪ್ಪಿಸಕ್ಕೆ ಬರಲ್ವಲ್ಲ’ ಎಂದು ಗೊಣಗುವ ತಂದೆತಾಯಿಗೆ ಹೇಳಬೇಕಾದ್ದು ಇಷ್ಟೇ: ಒಪ್ಪಿಸುವುದು ಬೇರೆ, ಓದುವುದು ಬೇರೆ.

ಗೋಡೆಯ ಮೇಲೆ ಕಲಿಕಾ ಏಣಿ. ಮೆಟ್ಟಿಲಿಗೊಂದು ಚಿತ್ರ, ಕಾರ್ಡಿನ ಮೇಲೂ ಅದೇ ಚಿತ್ರ. ಅಕ್ಷರ ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಜಾತ್ರೆ ಮುಗಿಸಿ ಬಂದ ಹುಡುಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ‘ಎಲ್ಲಿ ಹೋಗಿದ್ದೆ?’ ಎಂದು ಏಣಿ ಗದರುವುದಿಲ್ಲ. ಇದಕ್ಕಿಂತ ದೊಡ್ಡ ಗುಣ ಈ ಪದ್ಧತಿಯಲ್ಲಿ ನನಗೆ ಕಂಡಿಲ್ಲ.

ಆದರೆ ಹತ್ತಿಸುವ ಕೈ ಬೇಕು. ಮಕ್ಕಳು ‘ತಟ್ಟೆ’ ಎಂಬ ಗುಂಪುಗಳಲ್ಲಿ ಕೂರುತ್ತಾರೆ: ಮೇಷ್ಟ್ರ ಪೂರ್ತಿ ಸಹಾಯ ಬೇಕಾದವರು ಒಂದು ಕಡೆ, ಅರ್ಧ ಸಹಾಯ ಸಾಕಾದವರು ಇನ್ನೊಂದು ಕಡೆ, ಜೊತೆಯವರಿಂದ ಕಲಿಯುವವರು, ತಾವೇ ಕಲಿಯುವವರು. ಹಿಂದುಳಿದ ಮಗು ಸೇರುವುದು ಮೊದಲ ತಟ್ಟೆಗೆ. ಅಲ್ಲಿ ಮೇಷ್ಟ್ರು ಚಕ್ಕಂಬಕ್ಕಲ ಹಾಕಿ ನೆಲದ ಮೇಲೆ ಕೂತರೆ ಅದು ತರಗತಿಯ ಅತಿ ಒಳ್ಳೆಯ ಜಾಗ. ಅವರು ಇಲಾಖೆ ಕೇಳಿದ ಮಾಹಿತಿ ತುಂಬುತ್ತಲೋ, ಪಕ್ಕದ ಕೋಣೆಯ 4, 5ನೇ ತರಗತಿಯ ಗಲಾಟೆ ಅಡಗಿಸುತ್ತಲೋ ಉಳಿದರೆ ಅದೇ ತಟ್ಟೆ ಮೂಲೆಗುಂಪು. ಕಾರ್ಡು ಅದೇ, ಏಣಿ ಅದೇ.

ಅಜ್ಜಂಪುರದ ಈ ಸೀಮೆಯಲ್ಲಿ ತಾಂಡಾಗಳಿವೆ. ಲಂಬಾಣಿ ಮನೆಯ ಮಗು ‘ಅಗಸ’ ಎಂದು ಅಕ್ಷರ ಕೂಡಿಸಿ ಸರಿಯಾಗಿಯೇ ಓದುತ್ತದೆ. ಹಾಗೆಂದರೇನು ಎಂದು ಕೇಳಿದರೆ ಸುಮ್ಮನಾಗುತ್ತದೆ. ಕಲಿಕೆ ಗುರುತಿಸುವ ಪ್ರಗತಿ ನೋಟದಲ್ಲಿ ಆ ಮೆಟ್ಟಿಲು ದಾಟಿದ ಗುರುತು ಬಿದ್ದಿರುತ್ತದೆ. ಅವ್ವನಿಗೆ ‘ಯಾಡಿ’ ಅನ್ನುವ ಮಗುವನ್ನು ‘ನಿಮ್ಮ ಮನೇಲಿ ಇದಕ್ಕೇನಂತಾರೋ?’ ಎಂದು ಕೇಳಿ, ಆ ಮಾತಿನಿಂದ ಕನ್ನಡದ ಮಾತಿಗೆ ದಾಟಿಸುವ ಟೀಚರ್ ಇದ್ದರೆ ಓದು ಓದಾಗುತ್ತದೆ. ಕಾರ್ಡುಗಳನ್ನು ಎಷ್ಟು ಸಲ ತಿದ್ದಿದರೂ ಆ ಪ್ರಶ್ನೆಯನ್ನು ಅಚ್ಚು ಹಾಕಲಾಗದು. ಬಾಯಿಯಿಂದಲೇ ಬರಬೇಕು, ಅದೂ ಸಿಡುಕದೆ.

ಪದ್ಧತಿಯ ನಿಜವಾದ ಸೋಲು ಮಾತ್ರ ಮೂರನೇ ತರಗತಿಯ ಕೊನೆಯಲ್ಲಿದೆ. ಏಣಿ ಅಲ್ಲಿಗೆ ನಿಲ್ಲುತ್ತದೆ. ನಿನ್ನ ಹೆಜ್ಜೆ ನಿನ್ನದು ಎಂದು ಮೂರು ವರ್ಷ ಹೇಳಿಸಿಕೊಂಡ ಮಗುವಿಗೆ ಜೂನ್ ತಿಂಗಳಲ್ಲಿ ನಾಲ್ಕನೇ ಕ್ಲಾಸಿನ ಪುಸ್ತಕ ಕೊಟ್ಟು ಎಲ್ಲರೂ ಒಂದೇ ಪುಟ ತೆಗೆಯಿರಿ ಎನ್ನುತ್ತೇವೆ. ಒತ್ತಕ್ಷರದ ಮೆಟ್ಟಿಲಲ್ಲೇ ನಿಂತಿದ್ದವನಿಗೆ ಪರಿಸರ ಅಧ್ಯಯನದ ಪುಟದಲ್ಲಿ ಸಾಲಿಗೆರಡು ಒತ್ತಕ್ಷರ. ಹಿಂದಿನ ಕಲಿಕೆಯನ್ನು ಸರಿದೂಗಿಸಲೆಂದು ವರ್ಷದ ಆರಂಭದಲ್ಲಿ ನಡೆಸುವ ಸೇತುಬಂಧ ಕೆಲವು ವಾರಗಳಲ್ಲಿ ಮುಗಿದುಹೋಗುತ್ತದೆ. ಅವನಿಗೆ ಬೇಕಾದದ್ದು ಇನ್ನೊಂದು ವರ್ಷ.

ಅಂಥವನನ್ನು ಮಧ್ಯಾಹ್ನ ಊಟವಾದ ಮೇಲೆ ‘ಚಿಕ್ಕೋರಿಗೆ ಹೇಳಿಕೊಡು ಹೋಗಪ್ಪ’ ಎಂದು ನಲಿ-ಕಲಿ ಕೋಣೆಗೆ ಕಳಿಸುವ ಮೇಷ್ಟ್ರುಗಳಿದ್ದಾರೆ. ಅವನು ದೊಡ್ಡವನ ಗತ್ತಿನಲ್ಲಿ ಹೋಗಿ ಕೂರುತ್ತಾನೆ. ಚಿಕ್ಕವರ ಕಾರ್ಡನ್ನೇ ಅವರಿಗೆ ಓದಿ ಹೇಳುತ್ತ ತಾನು ಬಿಟ್ಟಿದ್ದ ಮೆಟ್ಟಿಲನ್ನು ದಾಟುತ್ತಾನೆ.